ಒಂದೂವರೆ ಪುಟದ ನಗು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಲ್ಲಚ್ಚು ಎಂದೇ ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆಯಲ್ಲ, ಮುಖದೆದುರೇ. ಇಪ್ಪತ್ತೊಂಬತ್ತು ವರ್ಷ ಶೀಘ್ರಲಿಪಿ ವರದಿಗಾರ್ತಿಯಾಗಿ ದುಡಿದ ಹೆಂಗಸಿಗೆ ಅದು ಬೈಗುಳವಾಗಿರಲಿಲ್ಲ. ಸಭೆಯಲ್ಲಿ ಯಾರ ಬಾಯಿಂದ ಏನು ಉದುರಿತೋ ಅದು ಅವಳ ಪುಸ್ತಕದಲ್ಲಿ ಬಿತ್ತು, ಬಿದ್ದ ಮೇಲೆ ಮುಗಿಯಿತು. ಒಮ್ಮೆ ಮಂತ್ರಿಯೊಬ್ಬ ಎದುರಾಳಿಯ ತಾಯಿಯನ್ನು ನಡುವೆ ಎಳೆದು ತಂದು ಬೈದು, ಸಂಜೆ ಅವಳ ಮೇಜಿನ ಬಳಿ ಬಂದು ಆ ಶಬ್ದದ ಜಾಗದಲ್ಲಿ 'ಮಾನ್ಯರೇ' ಎಂದು ಹಾಕಿಬಿಡಿ ಎಂದಿದ್ದ. ಅವಳು ಕನ್ನಡಕ ತೆಗೆದು ಒರೆಸಿಕೊಂಡು, ಮಾತಾಡಿದವರು ಕಾಗುಣಿತದ ತಪ್ಪನ್ನು ಮಾತ್ರ ತಿದ್ದಬಹುದೆಂದೂ, ಆ ಶಬ್ದದ ಕಾಗುಣಿತ ಸರಿಯಾಗಿಯೇ ಇದೆಯೆಂದೂ ಹೇಳಿ ಕಳಿಸಿದ್ದಳು.

ದೊಡ್ಡವರ ಮಾತನ್ನು ಇಷ್ಟು ವರ್ಷ ಒಂದಕ್ಷರ ಬಿಡದೆ ಕೇಳಿದವರಿಗೆ ದೊಡ್ಡವರ ಮೇಲೆ ಗೌರವ ಉಳಿಯುವುದು ಕಷ್ಟ. ಅವಳಿಗೂ ಉಳಿದಿರಲಿಲ್ಲ. ಗಂಟೆಗಟ್ಟಲೆ ಮಾತಾಡುವವರ ಮಾತನ್ನು ಸೋಸಿದರೆ ಒಂದು ಚಮಚ ಗಟ್ಟಿ ಸಿಕ್ಕರೆ ಪುಣ್ಯ, ಮಿಕ್ಕಿದ್ದೆಲ್ಲ ನೊರೆ ಎನ್ನುತ್ತಿದ್ದಳು. ಆದರೂ ನೊರೆಯನ್ನೂ ಬರೆದುಕೊಳ್ಳುತ್ತಿದ್ದಳು. ಅವಳ ಹೆಮ್ಮೆ ಇದ್ದದ್ದು ಅಲ್ಲಿ, ಅದನ್ನು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಮನೆಯೆಂದರೆ ಮೂರನೇ ಮಹಡಿಯ ಎರಡು ಬಾಡಿಗೆ ಕೋಣೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ. ತಮ್ಮ ಹಿಂದೆ ಸಿಟಿ ಬಸ್ಸಿನ ಡ್ರೈವರ್ ಆಗಿದ್ದ. ಇಪ್ಪತ್ತಾರನೇ ವಯಸ್ಸಿನಲ್ಲಿ, ವಾರದ ರಜೆಯ ದಿನ, ಗೆಳೆಯರ ಜೊತೆ ಸೇದಲೆಂದು ಜೇಬಿನಲ್ಲಿಟ್ಟುಕೊಂಡಿದ್ದ ಗಾಂಜಾ ಪೊಟ್ಟಣದೊಂದಿಗೆ ಸಿಕ್ಕಿಬಿದ್ದ. ಪೊಟ್ಟಣ ಬೆಂಕಿಪೊಟ್ಟಣಕ್ಕಿಂತ ದೊಡ್ಡದಿರಲಿಲ್ಲ. ಮೂರು ತಿಂಗಳು ಜೈಲು. ಕೆಲಸ ಹೋಯಿತು, ಲೈಸೆನ್ಸ್ ಹೋಯಿತು, ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಯವರು ಮಾತು ಮುರಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ತಾಯಿ ಸಾಯುವ ತನಕ ಗೊಣಗಿದಳು. ಅಲ್ಲಿಂದೀಚೆಗೆ ಹದಿನೆಂಟು ವರ್ಷ ಅವನು ಅದನ್ನು ಮುಟ್ಟಿಲ್ಲ. ಪೇಂಟ್ ಗೋದಾಮಿನಲ್ಲಿ ಡಬ್ಬ ಇಳಿಸುತ್ತಾನೆ, ಉಗುರುಗಳು ದಿನಕ್ಕೊಂದು ಬಣ್ಣ. ಇಂದಿಗೂ ಬಸ್ ಹತ್ತಿದರೆ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರುತ್ತಾನೆ. ತಿರುವು ಬಂದಾಗ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಅದನ್ನು ನೋಡಲಾರದೆ ಅಕ್ಕ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದಳು.

ಆ ವರ್ಷ ಸರ್ಕಾರ ಏಳು ಜನರ ಸಮಿತಿಯೊಂದನ್ನು ಮಾಡಿತು. ವಯಸ್ಸಿಗೆ ಬಂದವರು ಸ್ವಂತ ಬಳಕೆಗೆಂದು ಮನೆಯಲ್ಲಿ ಒಂದಿಷ್ಟು ಗಾಂಜಾ ಇಟ್ಟುಕೊಂಡರೆ ಅದನ್ನು ಅಪರಾಧವೆನ್ನಬೇಕೋ ಬೇಡವೋ ಎಂದು ಸಮಿತಿ ಹೇಳಬೇಕಿತ್ತು. ಆದೇಶದ ಕೊನೆಯಲ್ಲಿ, ಮರೆತು ಸೇರಿಸಿದಂತೆ, ಇನ್ನೊಂದು ಸಾಲಿತ್ತು: ಬೇಡವೆಂದಾದರೆ ಹಳೆಯ ಶಿಕ್ಷೆಗಳನ್ನು ದಾಖಲೆಯಿಂದ ತೆಗೆಯಬೇಕೇ? ಊರೆಲ್ಲ ಮೊದಲ ಪ್ರಶ್ನೆಯ ಬಗ್ಗೆ ಕಿತ್ತಾಡಿತು. ಆ ಎರಡು ಕೋಣೆಯ ಮನೆಯಲ್ಲಿ ಮಾತ್ರ ಇದ್ದದ್ದು ಎರಡನೆಯದೊಂದೇ. ದಾಖಲೆ ಅಳಿದರೆ ತಮ್ಮನಿಗೆ ಲೈಸೆನ್ಸ್ ಮತ್ತೆ ಸಿಗುತ್ತದೆ. ಶಾಲಾ ವ್ಯಾನ್ ಓಡಿಸುವ ಕೆಲಸವೊಂದನ್ನು ಅವನು ಆಗಲೇ ನೋಡಿಟ್ಟಿದ್ದ. ಸಮಿತಿಗೆ ಎರಡು ಪುಟದ ಅರ್ಜಿಯನ್ನು ತಾನೇ ಬರೆದು ಅಂಚೆಗೆ ಹಾಕಿದ. ಅಕ್ಕ ಅದನ್ನು ಓದಿದಳು, ಒಂದಕ್ಷರವನ್ನೂ ತಿದ್ದಲಿಲ್ಲ. ಅದು ಅವಳ ಕಸುಬಿನ ನಿಯಮ.

ಸಮಿತಿಯ ಸಭೆಗಳ ವರದಿಗೆ ಹಾಕಿದ್ದು ಅವಳನ್ನೇ. ಧ್ವನಿಮುದ್ರಣ ಯಂತ್ರವನ್ನೂ ತರಿಸಿದ್ದರು, ಆದರೆ ಅದರ ಮೆಮೊರಿ ಕಾರ್ಡಿಗೆ ಬೇರೆ ಮಂಜೂರಾತಿ ಬೇಕೆಂದು ಉಗ್ರಾಣದವನು ಹೇಳಿದ್ದರಿಂದ ಯಂತ್ರ ಡಬ್ಬದಲ್ಲೇ ಸುಖವಾಗಿತ್ತು.

ನಾಲ್ಕು ತಿಂಗಳು ಜನ ಬಂದರು, ಮಾತಾಡಿದರು, ಬಿಸ್ಕತ್ತು ತಿಂದರು, ಹೋದರು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಒಂದು ದಮ್ಮು ಎಳೆದವನು ಕೊಲೆ ಮಾಡಿಯೇ ಮಾಡುತ್ತಾನೆ ಎಂದ. ಎಷ್ಟು ಕೊಲೆ ನೋಡಿದ್ದೀರಿ ಎಂದು ಕೇಳಿದ್ದಕ್ಕೆ, ತಾನು ಸಂಚಾರ ವಿಭಾಗದಲ್ಲಿದ್ದವನು ಎಂದ. ಜಡೆ ಬಿಟ್ಟ ಯುವಕನೊಬ್ಬ ಇದು ಗಿಡವಲ್ಲ ಗುರು ಎಂದು ಅರ್ಧ ಗಂಟೆ ಹೇಳಿ, ಎಲ್ಲಿಂದ ಶುರು ಮಾಡಿದ್ದೆನೆಂದು ಅಧ್ಯಕ್ಷರನ್ನೇ ಕೇಳಿದ. ಮಹಿಳಾ ಸಂಘದ ಅಧ್ಯಕ್ಷೆ ಮನೆತನದ ಮರ್ಯಾದೆಯ ಬಗ್ಗೆ ಗುಡುಗಿದಳು, ಅವಳ ಗಂಡನದು ಮೂರು ಹೆಂಡದಂಗಡಿ. ವ್ಯಾಪಾರಿಯೊಬ್ಬ ಗಾಂಜಾ ಅಂಗಡಿಯ ಬಣ್ಣಬಣ್ಣದ ನಕ್ಷೆಯನ್ನೇ ಹಿಡಿದು ಬಂದಿದ್ದ, ಕೂಸು ಹುಟ್ಟುವ ಮುಂಚೆ ಕುಲಾವಿ. ನೋವಿನಲ್ಲಿ ನರಳುವ ರೋಗಿಗಳ ಬಗ್ಗೆ ಮಾತಾಡಿದ ವೈದ್ಯೆಯೊಬ್ಬಳಿಗೆ ಮಾತ್ರ ತಾನೇನು ಹೇಳುತ್ತಿದ್ದೇನೆಂಬುದು ಗೊತ್ತಿತ್ತು. ಅವಳಿಗೆ ಐದು ನಿಮಿಷ ಕೊಟ್ಟರು.

ಮೂರನೇ ತಿಂಗಳ ಒಂದು ಮಧ್ಯಾಹ್ನ ಸಾಕ್ಷಿ ಹೇಳಬೇಕಿದ್ದವನು ಬರುವುದು ತಡವಾಯಿತು. ಸಭೆ ಶುರುವಾಗಿತ್ತು, ಕೈ ಖಾಲಿಯಿತ್ತು, ಬಾಯಿ ಸುಮ್ಮನಿರಬೇಕಲ್ಲ. ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಉರುಟು ಮುಖದ ಮನುಷ್ಯ. ಕಾನೂನು ಓದುವಾಗ ಹಾಸ್ಟೆಲಿನ ತಾರಸಿಯಲ್ಲಿ ತಾವೂ ಗಾಂಜಾ ಸೇದಿದ್ದನ್ನು, ವಾರ್ಡನ್ ಬಂದನೆಂದು ಪೊಟ್ಟಣವನ್ನು ನೀರಿನ ಟ್ಯಾಂಕಿಗೆ ಎಸೆದದ್ದನ್ನು, ಮಾರನೇ ದಿನ ಅದೇ ನೀರಿನ ಚಹಾ ಕುಡಿದ ವಾರ್ಡನ್ ಹಾಜರಿ ಕೂಗುತ್ತ ಕೂಗುತ್ತ ನಿದ್ದೆಹೋದದ್ದನ್ನು ಅವರು ರಸವತ್ತಾಗಿ ಹೇಳಿದರು. ಪ್ರೊಫೆಸರ್ ಸದಸ್ಯರಿಗೆ ತಮ್ಮದೂ ನೆನಪಾಯಿತು. ಸಂಪಾದಕ ಸದಸ್ಯರಿಗೂ, ಇಂಜಿನಿಯರ್ ಸದಸ್ಯರಿಗೂ ನೆನಪಾಯಿತು. ನಾಲ್ಕು ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ಅಧ್ಯಕ್ಷರು ಕಣ್ಣೊರೆಸಿಕೊಂಡು, "ಆದ್ರೂ ನೋಡಿ, ನಾವೇನು ಹಾಳಾಗಿ ಹೋದ್ವಾ?" ಎಂದರು.

ಅವಳ ಪೆನ್ಸಿಲ್ ನಿಲ್ಲಲಿಲ್ಲ. ಸಭೆಯಲ್ಲಿ ನಕ್ಕರೆ ಆವರಣದೊಳಗೆ 'ನಗು' ಎಂದು ಬರೆಯಬೇಕು. ಅಂದು ಹನ್ನೊಂದು ಸಲ ಬರೆದಳು. ಇದೇ ತಪ್ಪಿಗೆ ತನ್ನ ತಮ್ಮ ಜೈಲಿನ ನೆಲ ಒರೆಸಿದ್ದನ್ನು ನೆನೆದು ಅವಳ ಕಿವಿ ಬಿಸಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಜನ ಅದನ್ನೇ ತಮಾಷೆಯ ಕಥೆ ಮಾಡಿಕೊಂಡಿದ್ದರು. ಆ ಸಿಟ್ಟಿನ ಜೊತೆಗೇ ಅವಳಿಗೊಂದು ಕ್ರೂರ ಸಂತೋಷವೂ ಇತ್ತು: ಬಿತ್ತು, ಪುಸ್ತಕದಲ್ಲಿ ಬಿತ್ತು.

ಮೂರನೇ ದಿನ ಅಧ್ಯಕ್ಷರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಎದುರಿಗೆ ಅವಳು ಟೈಪ್ ಮಾಡಿದ ಪ್ರತಿ, ಒಂದೂವರೆ ಪುಟದ ಮೇಲೆ ಅಡ್ಡಗೆರೆ. ಅದು ಹರಟೆ, ಕಲಾಪವಲ್ಲ ಎಂದರು. ಸಭೆ ಶುರುವಾಗಿತ್ತು ಎಂದಳು. ಮೊಮ್ಮಕ್ಕಳು ಓದುತ್ತಾರೆ ಎಂದರು. ಓದಲಿ ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆಗ ಅವರು ಖಾನೆಯಿಂದ ತಮ್ಮನ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ವಿಳಾಸದ ಕೆಳಗೆ ಪೆನ್ಸಿಲಿನ ಗೆರೆ ಎಳೆದಿತ್ತು, ಅವಳ ಸೇವಾ ಪುಸ್ತಕದಲ್ಲಿದ್ದದ್ದೂ ಅದೇ ವಿಳಾಸ.

"ಹಳೇ ಕೇಸುಗಳ ವಿಷಯ ನನ್ನ ಮೇಲೆ ಬಿಡಿ, ನಾನು ನೋಡ್ಕೋತೀನಿ," ಎಂದರು ಅಧ್ಯಕ್ಷರು. "ನೀವು ಈ ಒಂದೂವರೆ ಪುಟ ನೋಡ್ಕೊಳ್ಳಿ, ಸಾಕು."

ಮೂಗಿಗೆ ತುಪ್ಪ ಸವರುವವರನ್ನು ಅವಳು ಸಾಲುಸಾಲಾಗಿ ಕಂಡಿದ್ದಳು. ಬೇರೆ ಯಾರ ಮೂಗಾಗಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಮೇಜಿಗೆ ಬಂದು ಕುಳಿತು, ಅರ್ಧ ಗಂಟೆ ಏನೂ ಮಾಡದೆ, ಆಮೇಲೆ ಆ ಪುಟಗಳನ್ನು ಬಿಟ್ಟು ಮಿಕ್ಕದ್ದನ್ನು ಮತ್ತೆ ಟೈಪ್ ಮಾಡಿದಳು. ಪುಟಸಂಖ್ಯೆ ಸರಿಮಾಡಿದಳು. ಅಧ್ಯಕ್ಷರ ಸಹಿ ಬಿದ್ದ ಪ್ರತಿಯೇ ಕಡೆಯ ಪ್ರತಿ, ಸಹಿಯಾದ ಮೇಲೆ ಶೀಘ್ರಲಿಪಿಯ ಪುಸ್ತಕವನ್ನು ಕತ್ತರಿಸುವ ಯಂತ್ರಕ್ಕೆ ಹಾಕಬೇಕೆಂಬುದು ಕಚೇರಿಯ ಪದ್ಧತಿ. ಹಾಕಿದಳು. ಮನೆಯಲ್ಲಿ ತಮ್ಮನಿಗೆ ಏನೂ ಹೇಳಲಿಲ್ಲ. ಕೆಲಸ ಆಗಿಬಿಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆ ತಿಂಗಳೆಲ್ಲ ಬಸ್ಸಿನಲ್ಲಿ ಅವನ ಬಲಗಾಲು ನೆಲ ಒತ್ತಿದಾಗ ಅವಳು ಕಿಟಕಿಯ ಕಡೆ ತಿರುಗಲಿಲ್ಲ.

ಐದನೇ ತಿಂಗಳು ವರದಿಯ ಸರದಿ. ಅಧ್ಯಕ್ಷರು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳಿದರು, ಅವಳು ಬರೆದುಕೊಂಡಳು. ವಯಸ್ಕರು ಸ್ವಂತ ಮನೆಯಲ್ಲಿ, ಸ್ವಂತ ಬಳಕೆಗೆ, ಮಿತವಾಗಿ ಇಟ್ಟುಕೊಳ್ಳಬಹುದು. ಬಾಡಿಗೆ ಮನೆಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಅಂದರೆ ತಾರಸಿ ತಮ್ಮದೇ ಆಗಿರುವವರಿಗೆ ತೊಂದರೆಯಿಲ್ಲ. ಅವಳ ತುಟಿ ಸೊಟ್ಟಗಾಯಿತು, ಪೆನ್ಸಿಲ್ ಓಡುತ್ತಲೇ ಇತ್ತು. ಆಮೇಲೆ ಹಳೆಯ ಶಿಕ್ಷೆಗಳ ಅಧ್ಯಾಯ ಬಂತು. ಅಧ್ಯಕ್ಷರು ಕಿಟಕಿಯ ಬಳಿ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: ಸಮಿತಿಯ ಮುಂದೆ ಬಂದ ಸಮಸ್ತ ಸಾಕ್ಷ್ಯದಲ್ಲಿ, ಯೌವನದಲ್ಲಿ ಗಾಂಜಾ ಸೇದಿಯೂ ಮುಂದೆ ಸಮಾಜದಲ್ಲಿ ಗೌರವದಿಂದ ಬಾಳಿದ ಒಬ್ಬನೇ ಒಬ್ಬ ವ್ಯಕ್ತಿಯ ನಿದರ್ಶನವೂ ಕಂಡುಬಂದಿಲ್ಲ. ಆದ್ದರಿಂದ ಹಳೆಯ ಶಿಕ್ಷೆಗಳನ್ನು ದಾಖಲೆಯಿಂದ ತೆಗೆಯಲು ಆಧಾರವಿಲ್ಲ.

ಆ ಸಾಲನ್ನೂ ಅವಳು ಪೂರ್ತಿ ಬರೆದುಕೊಂಡಳು. ಕೈಗೆ ಅಷ್ಟು ಅಭ್ಯಾಸವಾಗಿತ್ತು. ಬರೆದಾದ ಮೇಲೆ ತಲೆಯೆತ್ತಿ, "ಹಳೇ ಕೇಸುಗಳನ್ನ ನೋಡ್ಕೋತೀನಿ ಅಂದಿದ್ರಿ," ಎಂದಳು.

"ನೋಡ್ದೆ ಅಲ್ವೇನಮ್ಮ?" ಎಂದರು ಅವರು. ದನಿಯಲ್ಲಿ ಮೋಸ ಇರಲಿಲ್ಲ, ನಿಜವಾಗಿಯೂ ಬೇಜಾರಾದವರಂತಿದ್ದರು. "ಎಲ್ಲಾ ಪುಟ ತಿರುವಿ ಹಾಕ್ದೆ. ಪುರಾವೆ ಇಲ್ಲ. ಪುರಾವೆ ಇಲ್ದೆ ನಾನು ಹೇಗೆ ಬರೆಯೋಕಾಗುತ್ತೆ ಹೇಳಿ?"

ಅವರು ಮುಂದಿನ ಅಧ್ಯಾಯಕ್ಕೆ ಹೋದರು.

ಸಂಜೆ ಮನೆಗೆ ಬಂದಾಗ ತಮ್ಮ ಬಚ್ಚಲಿನ ಬಾಗಿಲಲ್ಲಿ ಕೂತು ಹಳೇ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಕೈ ಉಜ್ಜುತ್ತಿದ್ದ. ಅಂದು ಹಸಿರು ಬಣ್ಣ. ಅವಳು ಚಪ್ಪಲಿಯನ್ನೂ ಬಿಡದೆ ಅವನ ಎದುರಿಗೆ ಕುಳಿತು, ವರದಿಯ ಆ ಸಾಲನ್ನು ಹಾಗೇ ಒಪ್ಪಿಸಿದಳು. ಅವನು ಕೈ ಉಜ್ಜುತ್ತಲೇ ಕೇಳಿದ.

"ಇಷ್ಟು ಜನ ಬಂದ್ರಲ್ಲ ಅಕ್ಕ, ಸೇದಿ ನೆಟ್ಟಗಾದೋರು ಒಬ್ರೂ ಸಿಗ್ಲಿಲ್ವಾ ಅವ್ರಿಗೆ?"

"ನಾಲ್ಕು ಜನ ಇದ್ರು. ಸಮಿತಿಯಲ್ಲೇ ಇದ್ರು, ಅಧ್ಯಕ್ಷರೂ ಸೇರಿ. ಅವರೇ ಹೇಳ್ಕೊಂಡು ನಕ್ರು. ನಾನು ಬರ್ಕೊಂಡಿದ್ದೆ."

"ಹಂಗಾದ್ರೆ ಪುಸ್ತಕದಲ್ಲಿ ಇದೆಯಲ್ಲ," ಎಂದು ಅವನು ತಲೆಯೆತ್ತಿದ. ಹದಿನೆಂಟು ವರ್ಷದಲ್ಲಿ ಅವಳು ಅವನ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ. "ನೀನು ಬರ್ದಿದ್ದನ್ನ ಯಾರೂ ತೆಗೆಯೋಕಾಗಲ್ವಲ್ಲ ಅಕ್ಕ."

"ತೆಗೆದೆ ಕಣೋ," ಎಂದಳು ಅವಳು. "ನಾನೇ ತೆಗೆದೆ."