ಹುಣಸೆಹಣ್ಣಿಗೆ ಸವೆಯದ ಪದಕ

ಬಾಗಲಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ರಷ್ಯಾದ ಸೈನಿಕರ ಪದಕಗಳ ಹುಚ್ಚು ಹೇಗೆ ಹಿಡಿಯಿತು ಎಂದು ಜನ ನಗುತ್ತ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ನಾನು ಬಾದಾಮಿಯ ಗುಹೆಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದೆ. ಒಮ್ಮೆ ಬಂದ ರಷ್ಯನ್ ಪ್ರವಾಸಿಗರ ಗುಂಪಿನಲ್ಲಿ ಎರಡನೇ ಮಹಾಯುದ್ಧ ಕಂಡ ಮುದುಕರೊಬ್ಬರಿದ್ದರು. ಅವರ ಕೋಟಿನ ಮೇಲಿನ ಪದಕಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತೆ. ಅವರ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದ್ದಕ್ಕೆ ಅವರು ಪತ್ರ ಬರೆದರು, ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಉತ್ತರಿಸಿದೆ, ಹಾಗೇ ವರ್ಷಗಟ್ಟಲೆ ನಡೆಯಿತು. ಯಾವುದು ಅಸಲಿ, ಯಾವುದು ನಕಲಿ, ಯಾವುದು ಯಾವ ಕಾಲದ್ದು ಎಂದು ನನಗೆ ಕಲಿಸಿದವರು ಅವರೇ.

ಬೇರೆ ಯಾವುದರಲ್ಲೂ ಇಲ್ಲದ ಸಹನೆ ನನಗೆ ಪದಕದಲ್ಲಿತ್ತು. ಮುಂಬಯಿಯ ಹಳೆ ಸಾಮಾನಿನ ಬಜಾರಿಗೆ ಹೋದಾಗಲೆಲ್ಲ ಒಂದೋ ಎರಡೋ ಆರಿಸಿ ತರುತ್ತಿದ್ದೆ. ನೆಗೆಟಿವ್ ತಿದ್ದುವ ಭೂತಗನ್ನಡಿಯಲ್ಲೇ ನೋಡುತ್ತಿದ್ದೆ. ಎರಕ ಹೊಯ್ದ ನಕಲಿಯ ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಅಚ್ಚೊತ್ತಿದ ಅಸಲಿಗೆ ಅವು ಇರುವುದಿಲ್ಲ. ರಿಬ್ಬನ್ನು ಸುತ್ತಿ ಪದಕ ತೂಗುಹಾಕುವ ಮೇಲಿನ ಪಟ್ಟಿಯನ್ನು ನಂಬಬಾರದು, ಅದನ್ನು ಯಾರು ಬೇಕಾದರೂ ಬದಲಿಸಿರಬಹುದು. ಟ್ಯಾಂಕಿನ ಚಿತ್ರವಿರುವ ಬೆಳ್ಳಿಯ ಶೌರ್ಯಪದಕವಾದರೆ ಮೊದಲು ಬೆನ್ನು ತಿರುಗಿಸಿ ನೋಡಬೇಕು. ಯುದ್ಧಕಾಲದಲ್ಲಿ ಕೊಟ್ಟಿದ್ದಕ್ಕೆ ಬೆನ್ನಿನ ಮೇಲೆ ಕೊರೆದ ನಂಬರು ಇರುತ್ತದೆ. ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ನಂಬರು ಹಾಕುವುದನ್ನು ನಿಲ್ಲಿಸಿಬಿಟ್ಟರು.

ಅಂಥದೇ ಒಂದು ಪದಕ ನಮ್ಮ ಬಳಗದಲ್ಲೇ ಇತ್ತು, ಇಳಕಲ್ಲಿನ ನನ್ನ ಸೋದರತ್ತೆಯ ದೇವರ ಜಗುಲಿಯ ಮೇಲೆ. ಅತ್ತೆಯ ಗಂಡ ಮದುವೆಯಾದ ವರ್ಷವೇ ಮಿಲಿಟರಿ ಲಾರಿ ಓಡಿಸಲು ಹೋದರು. ಇರಾನಿನ ದಾರಿಯಲ್ಲಿ ರಷ್ಯಾದವರಿಗೆ ಸಾಮಾನು ಸಾಗಿಸುವ ಕೆಲಸ. ಯುದ್ಧ ಮುಗಿದರೂ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವರ ತಮ್ಮ ವಿಚಾರಿಸಲು ಮುಂಬಯಿಗೆ ಹೋಗಿ ಈ ಪದಕ ತಂದರು. ಅಣ್ಣ ಯುದ್ಧದಲ್ಲೇ ತೀರಿಕೊಂಡ, ಬದುಕಿದ್ದಾಗ ರಷ್ಯಾದವರು ಅವನ ಎದೆಗೆ ಚುಚ್ಚಿದ್ದು ಇದು ಅಂದರು. ಅತ್ತೆ ಅವತ್ತೇ ಬಳೆ ತೆಗೆದರು. ಮೈದುನನ ಮನೆಯಲ್ಲೇ ಉಳಿದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಮುದುಕಿಯಾದರು. ಹಬ್ಬ ಬಂದಾಗಲೆಲ್ಲ ದೇವರ ಸಾಮಾನಿನ ಜೊತೆ ಪದಕವನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ರಿಬ್ಬನ್ನು ಹರಿದಾಗ ಗುಳೇದಗುಡ್ಡದ ಖಣದ ಬಟ್ಟೆಯ ತುಂಡು ಹೊಲಿದಿದ್ದರು. ದೇವರ ಮುಂದಿನದನ್ನು ಪರೀಕ್ಷೆಗೆ ಕೇಳುವುದು ಹೇಗೆಂದು ನಾನು ಸುಮ್ಮನಿದ್ದೆ.

ಆ ಮೈದುನನನ್ನು ನಾನು ಮಾವ ಅನ್ನುತ್ತಿದ್ದೆ. ಒಮ್ಮೆ ತುಳಸಿಗೇರಿಯ ಹನುಮಪ್ಪನ ದರ್ಶನಕ್ಕೆ ಬಂದವರು ನನ್ನ ಸ್ಟುಡಿಯೋಕ್ಕೂ ಬಂದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಪದಕಗಳನ್ನು ನೋಡಿ, ಇವುಗಳ ವಯಸ್ಸು ಹೇಳಲು ಬರುತ್ತದೆಯೇ ಎಂದು ಕೇಳಿದರು. ಜಂಬದಿಂದ ಹೌದು ಅಂದೆ. ಮಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅದು ನನಗೆ ಸರಿಕಾಣಲಿಲ್ಲ.

ಎಂಬತ್ತರ ದಶಕ ಕಾಲಿಟ್ಟಾಗ ಅತ್ತೆಯೇ ಹೇಳಿ ಕಳಿಸಿದರು. ಪದಕದ ಫೋಟೋ ತೆಗೆದು, ಗಂಡನ ಹಳೆಯ ಫೋಟೋದ ಜೊತೆ ಒಂದೇ ಚೌಕಟ್ಟಿಗೆ ಹಾಕಿಸಬೇಕಂತೆ. ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು. ಯಾವತ್ತೂ ಕೈಕಾಲಿಗೆ ನೀರು ಕೊಟ್ಟು ಮಾತಾಡಿಸುವವರು ಅವತ್ತು ಕೊಡಲಿಲ್ಲ. ಎಷ್ಟು ಹೊತ್ತಿನ ಕೆಲಸ ಎಂದಷ್ಟೇ ಕೇಳಿ ಒಳಗೆ ಹೋಗಿ ಮಗ್ಗಕ್ಕೆ ಕೂತರು.

ಅತ್ತೆ ಜಗುಲಿಯಿಂದ ತೆಗೆದುಕೊಟ್ಟ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಸಲಿಯೇ. ನನಗೆ ಆನೆ ಬಲ ಬಂದಂತಾಯಿತು. ಬೆನ್ನು ತಿರುಗಿಸಿದೆ. ನಂಬರು ಇರಲಿಲ್ಲ.

ಹುಣಸೆಹಣ್ಣಿನ ಕೆಲಸವೇ ಇರಬೇಕು ಅಂದುಕೊಂಡು ಮುಂದಿನ ಮೈ ನೋಡಿದೆ. ಟ್ಯಾಂಕಿನ ಗಾಲಿಗಳು ಸವೆದಿದ್ದವು ನಿಜ, ಆದರೆ ಕಾಣುತ್ತಿದ್ದವು. ಮೇಲೆ ಉಬ್ಬಿದ ಗಾಲಿ ಉಳಿದು, ಒಳಗೆ ಇಳಿದ ನಂಬರು ಮಾತ್ರ ಹೋಗುವುದುಂಟೇ? ಅರ ಹಾಕಿ ಉಜ್ಜಿದ ಗೀರೂ ಇರಲಿಲ್ಲ. ಯುದ್ಧದಲ್ಲಿ ಸತ್ತವರ ಎದೆಯ ಮೇಲೆ, ಯುದ್ಧ ಮುಗಿದ ಮೇಲೆ ತಯಾರಾದ ಪದಕ ಹೇಗೆ ಬಂತು?

ಒಳಗಿನ ಮಗ್ಗದ ಸಪ್ಪಳ ಯಾವಾಗ ನಿಂತಿತೋ ಗೊತ್ತಿಲ್ಲ. ತಲೆಯೆತ್ತಿದರೆ ಮಾವ ನನ್ನ ಹಿಂದೆಯೇ ನಿಂತಿದ್ದರು.

"ನೋಡಿದ್ದು ಸಾಕು, ಫೋಟೋ ತಗಿ" ಅಂದರು.

ಅಷ್ಟರಲ್ಲಿ ಅತ್ತೆ, ಏನು ಹುಡುಕುತ್ತಿದ್ದೀ ಎಂದು ಕೇಳಿದರು. ನಂಬರು ಅಂದೆ, ಬಾಯಿ ಜಾರಿತು. ಅತ್ತೆಯ ಮುಖ ಇಳಿದುಹೋಯಿತು.

"ನಾನ ತಿಕ್ಕಿ ತಿಕ್ಕಿ ಅಳಿಸೇನೇನೋ ತಮ್ಮಾ?"

ಹೌದು ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿ ತುದಿಗೆ ಬಂದೂ ಇತ್ತು. ಆದರೆ ಮಾವ ಅವಸರ ಮಾಡಿದರು.

"ಮತ್ತ? ನಿಮ್ಮ ಕೈಯಾಗ ಏನರ ಉಳಿತೈತೇನು ವೈನಿ?"

ಅತ್ತೆ ತಮ್ಮ ಅಂಗೈಗಳನ್ನು ನೋಡಿಕೊಂಡರು. ಹುಣಸೆಹುಳಿಗೆ ಬಿರುಕುಬಿಟ್ಟ ಅಂಗೈಗಳು. ನನ್ನ ಸಿಟ್ಟು ನೆತ್ತಿಗೇರಿತು.

"ನೀ ಅಳಿಸಿಲ್ಲ ಅತ್ತಿ" ಅಂದೆ. "ಇದಕ್ಕ ನಂಬರ್ ಇರಲೇ ಇಲ್ಲ. ಇದು ಲಡಾಯಿ ಮುಗದಮ್ಯಾಲ ಮಾಡಿದ್ದು."

ಅತ್ತೆ ಮೈದುನನ ಕಡೆ ತಿರುಗಿ, ಇದನ್ನು ನಿನ್ನ ಕೈಗೆ ಕೊಟ್ಟವರು ಯಾರು ಎಂದು ಕೇಳಿದರು. ದನಿ ಏರಿರಲಿಲ್ಲ. ಮಾವ ಗೋಡೆ ಹಿಡಿದು ಕುಸಿದು ಕೂತರು.

"ಅಣ್ಣನೇ ಕೊಟ್ಟ. ಮುಂಬೈ ಬಂದರದಾಗ ಇದ್ದ, ಅಲ್ಲೇ ಬ್ಯಾರೆ ಸಂಸಾರ ಮಾಡಿದ್ದ. ನಾ ಸತ್ತೇನಿ ಅಂತ ಹೇಳು ಅಂದ."

ಪದಕ ರಷ್ಯಾದ ಹಡಗಿನವನೊಬ್ಬನಿಂದ ಅಣ್ಣನ ಕೈಗೆ ಬಂದದ್ದಂತೆ. ಅಣ್ಣ ಈಗ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ತನಗೂ ತಿಳಿಯದು ಎನ್ನುತ್ತ ಮಾವ ಅಳತೊಡಗಿದರು. ಅತ್ತೆ ಅಳಲಿಲ್ಲ. ಹಲ್ಲಿನಿಂದ ದಾರ ಕಿತ್ತು ಖಣದ ತುಂಡನ್ನು ಬಿಡಿಸಿಕೊಂಡರು, ಬರೀ ಪದಕವನ್ನು ನನ್ನ ಕೈಗೆ ಹಾಕಿದರು. ಅವರ ಮುಖ ನೋಡಿ ನನಗೆ ಭಯವಾಯಿತು.

"ಬಳಿಗಾರನ್ನ ಕರಕೊಂಡು ಬಾ" ಅಂದರು ಮೈದುನನಿಗೆ. "ಅವರು ಸತ್ತ ಸುದ್ದಿ ನನಗ ಇನ್ನಾ ಬಂದಿಲ್ಲ."

ಮಾವ ಚಪ್ಪಲಿ ಮೆಟ್ಟದೆಯೇ ಬಿಸಿಲಿಗೆ ಇಳಿದರು.