ನಗೆಗಾಳಿಗೂ ಜಗ್ಗದ ಕಾಮಣ್ಣ

ಶಿವನ ಮೂರನೆಯ ಕಣ್ಣು ಕಂಡವರು ಪುರಾಣದಲ್ಲಾದರೂ ಸಿಗುತ್ತಾರೆ. ದುಮ್ಮವಾಡದ ತಿರಕಪ್ಪನ ಹಲ್ಲು ಕಂಡವರು ಇಡೀ ಕಲಘಟಗಿ ತಾಲೂಕಿನಲ್ಲಿ ಇರಲಿಲ್ಲ. ಆತ ನಕ್ಕರೆ ಮಳೆ ತಪ್ಪುತ್ತದೆ ಎನ್ನುವವರಿದ್ದರು. ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯನ್ನು ಗುರಾಯಿಸಿ ನೋಡಿದ್ದನೆಂದೂ ಹೇಳುತ್ತಿದ್ದರು. ಸೂಲಗಿತ್ತಿ ತೀರಿಹೋಗಿದ್ದರಿಂದ ಅಲ್ಲಗಳೆಯುವವರು ಯಾರೂ ಉಳಿದಿರಲಿಲ್ಲ.

ಇಂಥ ಮುಖಕ್ಕೆ ನಮ್ಮಲ್ಲಿ ಒಂದು ಹುದ್ದೆ ಇದೆ. ಹೋಳಿಯಲ್ಲಿ ಚಾವಡಿಯ ಮುಂದೆ ಮಂಚ ಹಾಕಿ ಜೀವಂತ ಕಾಮಣ್ಣನನ್ನು ಕೂಡಿಸುತ್ತಾರೆ. ಪಕ್ಕದಲ್ಲಿ ಸೀರೆ ಉಟ್ಟ ಮಾಳಪ್ಪನೇ ರತಿ. ಮೈ ಮುಟ್ಟದೆ ಕಾಮಣ್ಣನನ್ನು ನಗಿಸಿದವನಿಗೆ ಬೆಳ್ಳಿ ಕಡಗ. ನಕ್ಕ ಕಾಮಣ್ಣ ಮಾತ್ರ ಆಗಲೇ ಮಂಚ ಇಳಿಯಬೇಕು, ಮತ್ತೆಂದೂ ಏರುವಂತಿಲ್ಲ. ವರ್ಷವಿಡೀ ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸುವ ತಿರಕಪ್ಪನನ್ನು ಊರು ತಲೆಯೆತ್ತಿ ನೋಡುತ್ತಿದ್ದುದು ಆ ಮಂಚದ ಮೇಲೆ ಮಾತ್ರ.

ಆ ಮಂಚಕ್ಕೆ ದಂಡೆತ್ತಿ ಬಂದು ಸೋತವರಲ್ಲಿ ಅಗ್ರಗಣ್ಯ ಸೈಕಲ್ ಅಂಗಡಿಯ ನಿಜಾಮಸಾಬ. ಕುಲಕರ್ಣಿ ಸೀನುವ ರೀತಿ, ತನ್ನ ಮಾವನ ನಡಿಗೆ, ಸಂತೆಯಲ್ಲಿ ಕಳೆದುಹೋದ ಕತ್ತೆ, ಎಲ್ಲವನ್ನೂ ಆತ ಮಾಡಿ ತೋರಿಸಿದ್ದ. ಜನ ಹೊಟ್ಟೆ ಹಿಡಿದುಕೊಂಡು ಉರುಳಿದರು. ರತಿ ನಕ್ಕು ನಕ್ಕು ಸೆರಗು ಕಳಕೊಂಡಳು. ಕಾಮಣ್ಣ ತುಟಿಗೆ ಬೀಗ ಜಡಿದು ಕೂತೇ ಇದ್ದ. ನಿಜಾಮಸಾಬ ಅಂಗಡಿಗೆ ಮರಳಿ ಕಾಲಿಗೆ ಸಿಕ್ಕ ಟಾಯರು ಒದೆಯುತ್ತಿದ್ದ. ಪ್ರತಿ ಹೋಳಿಗೂ ಇದೇ ಗೋಳು.

ಎಂಬತ್ತರ ದಶಕದ ನಡುವೆ ಒಂದು ವರ್ಷ, ಹೋಳಿ ಹತ್ತಿರ ಬಂದಾಗ ತಿರಕಪ್ಪನ ದವಡೆ ಬದನೆಕಾಯಿಯಂತೆ ಊದಿತು. ಲವಂಗ, ಉಪ್ಪಿನ ಶಾಖ ಯಾವುದಕ್ಕೂ ಬಗ್ಗಲಿಲ್ಲ. ಹೆಂಡತಿ ಮೈಲಾರವ್ವ ಹುಬ್ಬಳ್ಳಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರ ಸುದ್ದಿ ತಂದಳು. ಅವರ ಹತ್ತಿರ ನಗೆಗಾಳಿ ಇದೆಯಂತೆ, ಮೂಗಿಗೆ ಹಿಡಿದರೆ ಹಲ್ಲು ಕಿತ್ತದ್ದೂ ತಿಳಿಯುವುದಿಲ್ಲವಂತೆ. ತಿರಕಪ್ಪ ಬೆವೆತ. ಆತ ಹಲ್ಲು ಬಿಡಲು ಸಿದ್ಧ, ಮಂಚ ಬಿಡಲು ಸಿದ್ಧನಿರಲಿಲ್ಲ. ಕೊನೆಗೆ ನೋವು ತಾಳದೆ ಹೊರಟ. ನಿಜಾಮಸಾಬನಾದರೋ ಅಂಗಡಿಯ ಬಾಗಿಲೆಳೆದು, ರೋಗಿಗೆ ಜೊತೆ ಬೇಕು ಎಂದು ತಾನೂ ಬಸ್ಸು ಹತ್ತಿದ. ನಕ್ಕದ್ದು ನಕ್ಕಂತೆಯೇ, ಊರು ಯಾವುದಾದರೇನು ಎಂಬುದು ಅವನ ಲೆಕ್ಕ.

ಡಾಕ್ಟರು ತಿರಕಪ್ಪನ ಮೂಗಿಗೆ ರಬ್ಬರಿನ ಗವಸು ಕಟ್ಟಿದರು. ಎಚ್ಚರ ಇರುತ್ತದೆ, ಕೈಕಾಲು ಜುಮ್ಮೆನ್ನುತ್ತವೆ, ನೋವು ದೂರ ಸರಿದಂತಾಗುತ್ತದೆ, ಕೆಲವರಿಗೆ ನಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದರು. ನಿಜಾಮಸಾಬ ಬಾಗಿಲ ಸಂದಿಗೆ ಕಣ್ಣಿಟ್ಟ. ತಿರಕಪ್ಪನ ಹುಬ್ಬಿನ ಗಂಟು ಸಡಿಲಾಯಿತು, ಕಣ್ಣು ಅರ್ಧ ಮುಚ್ಚಿತು. ಇನ್ನೇನು ಎನ್ನುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿ ಟಣ್ ಎಂದಿತು. ನಗೆಯ ಸುಳಿವೇ ಇಲ್ಲ. ಗವಸು ತೆಗೆದ ಸ್ವಲ್ಪ ಹೊತ್ತಿಗೆ ರೋಗಿ ಎದ್ದು ಚಪ್ಪಲಿ ಹುಡುಕುತ್ತಿದ್ದ.

“ನಗಿ ಬರಲಿಲ್ಲೇನಲೇ?” ನಿಜಾಮಸಾಬ ಅಳುವುದೊಂದು ಬಾಕಿ.

“ಇಲ್ಲೋ. ನೋವು ಮಂದಿ ಎಮ್ಮಿ ಇದ್ದಂಗ ಇತ್ತು. ಕಾಣ್ತಿತ್ತು, ನಂದಲ್ಲ ಅನಸ್ತಿತ್ತು.”

ನಿಜಾಮಸಾಬ ಡಾಕ್ಟರಿಗೆ ಕೈಮುಗಿದು, ಊರಿಗೆ ಒಯ್ಯಲು ಒಂದಿಷ್ಟು ಗಾಳಿ ಕೊಡಿರೆಂದು ಬೇಡಿಕೊಂಡ. ಅವರು ಬಾಗಿಲು ತೋರಿಸಿದರು.

ಹೋಳಿಯ ದಿನ ಆತ ಉಬ್ಬಿದ ಸೈಕಲ್ ಟ್ಯೂಬನ್ನು ಕೊರಳಿಗೆ ವಾಸುಕಿಯಂತೆ ಸುತ್ತಿಕೊಂಡು ಬಂದ. ಇದರೊಳಗೆ ಹುಬ್ಬಳ್ಳಿಯ ನಗೆಗಾಳಿ ಇದೆ ಎಂದು ಸಾರಿದ. ಜನ ಹಿಂದೆ ಸರಿದರು. ರತಿ ಮೂಗಿಗೆ ಸೆರಗು ಒತ್ತಿಕೊಂಡಳು. ನಿಜಾಮಸಾಬ ಕಾಮಣ್ಣನ ಮೂಗಿನ ನೇರಕ್ಕೆ ಹಿಡಿದು ವಾಲ್ವ್ ಬಿಚ್ಚಿದ. ಬುಸ್ ಎಂದಿತು.

ಅಸಲಿ ಗಾಳಿಯ ರುಚಿ ಕಂಡು ಬಂದ ಮೂಗು ಅದು. ಇಲ್ಲಿ ಬಂದದ್ದು ಪಂಕ್ಚರ್ ಸೊಲ್ಯೂಷನ್ನಿನ ನಾತ. ತಿರಕಪ್ಪನ ತುಟಿ ಅದುರಿತು, ಗಲ್ಲ ನಡುಗಿತು, ಬೀಗ ಮುರಿಯಿತು. ಚಾವಡಿಯ ಹಂಚು ಹಾರುವಂತೆ ಆತ ನಕ್ಕ. ಕಿತ್ತ ಹಲ್ಲಿನ ಕಿಂಡಿಯೂ ಊರಿಗೆಲ್ಲ ಕಂಡಿತು.

ತೀರ್ಪು ಹೇಳುವ ಗೌಡ ಕುಬೇರಪ್ಪ ಕೋಲೆತ್ತಿದರು. ಔಷಧದ ನಗೆ ನಗೆಯಲ್ಲ, ಕಡಗವಿಲ್ಲ, ಕಾಮಣ್ಣ ಇಳಿಯಬೇಕಾಗಿಲ್ಲ ಎಂದರು. ನಿಜಾಮಸಾಬನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು.

“ಔಷಧ ಎಲ್ಲೀದ್ರೀ ಗೌಡ್ರ,” ಎಂದು ಕೊನೆಗೆ ಒಪ್ಪಿಕೊಂಡ. “ನಮ್ಮ ಅಂಗಡಿ ಪಂಪಿನ ಗಾಳಿರೀ ಅದು.”

ಕಡಗ ಕೈಗೆ ಬಂತು. ಆತನ ಮುಖ ಮಾತ್ರ ಅರಳಲಿಲ್ಲ. ಇಷ್ಟು ವರ್ಷದ ಕಲೆಗೆ ಸಿಗದ್ದು ಪಂಪಿಗೆ ಸಿಕ್ಕಿತ್ತು. ತಿರಕಪ್ಪ ಕಣ್ಣೊರೆಸಿಕೊಳ್ಳುತ್ತ ಮಂಚ ಇಳಿದ. ಗೌಡರಿಗೆ ಊರಿನ ಕೀರ್ತಿಯೇ ಇಳಿದಷ್ಟು ಸಂಕಟವಾಯಿತು.

“ತಿರಕಪ್ಪಾ, ಇಷ್ಟ ವರ್ಷ ಅದೇನ ತಪಾ ಮಾಡಿ ನಗಿ ತಡದೀಪಾ?”

“ತಪಾ ಎಲ್ಲೀದ್ರೀ. ಬಾಯಿ ತೆರದ್ರ ಹುಳಕ ಹಲ್ಲಿಗೆ ಗಾಳಿ ಬಡೀತಿತ್ರಿ.”