ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಮಚ್ಚೇಂದ್ರ ಮಾಸ್ತರರು ಹುಟ್ಟಿದ್ದು ನಿರ್ಣಾದಲ್ಲಿ, ಚಪ್ಪಲಿ ಹೊಲಿಯುವವರ ಮನೆಯಲ್ಲಿ. ಅವರಪ್ಪ ಮನೆಮಂದಿಯೊಂದಿಗೆ ಯೇಸುವಿನ ಮಾರ್ಗಕ್ಕೆ ಬಂದಾಗ ಪಾದ್ರಿಗಳು ಕೂಸಿಗೆ ಹೊಸ ಹೆಸರು ಇಡಲು ಹೋದರಂತೆ. "ಇದ್ದ ಹೆಸರು ಹಿಡಿದು ಕರೆದ್ರ ದೇವರಿಗೆ ಕೇಳಂಗಿಲ್ಲೇನ್ರಿ?" ಎಂದು ಅಪ್ಪ ಕೇಳಿದ್ದೇ ತಡ, ಪಾದ್ರಿಗಳು ನಕ್ಕು ಅದೇ ಹೆಸರು ಉಳಿಸಿದರಂತೆ. ಹೀಗೆ ಮಚ್ಚೇಂದ್ರ ಮಚ್ಚೇಂದ್ರನಾಗಿಯೇ ಬೆಳೆದ, ಓದಿದ, ಹುಮನಾಬಾದಿನ ಹೊರಗಿದ್ದ ಸಣ್ಣ ಕ್ರೈಸ್ತ ಶಾಲೆಗೆ ಕವಾಯತು ಮಾಸ್ತರನಾಗಿ ಬಂದ.

ಶಾಲೆಗೆ ಹುತುತು, ಅಂದರೆ ಕಬಡ್ಡಿ, ಕಲಿಸಿದವರು ಅವರೇ. ಕಲ್ಯಾಣದ ಹುಡುಗರನ್ನು ಅವರ ಊರಲ್ಲೇ ಮಣ್ಣು ಮುಕ್ಕಿಸಿ ಬಂದ ತಂಡ ಅದು. ಆಡುವವರಿಗೆಲ್ಲ ರವಿವಾರ ಮಧ್ಯಾಹ್ನ ಯುವಕರ ಸಭೆ. ಯಾವ ಜಾತಿಯವನಾದರೂ ಬರಲೇಬೇಕು. ಒಂದು ಹಾಡು, ಒಂದು ವಾಕ್ಯ, ಆಮೇಲೆ ಮಾಸ್ತರರದೇ ಒಂದು ಪದ್ಧತಿ. ಎದುರು ಪಾಳಿಯಲ್ಲಿ ಯಾರು ನಿನ್ನ ಕಾಲು ಹಿಡಿದು ಕೆಡವುತ್ತಾನೋ ಅವನ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ, ಅವನಿಗೆ ಒಳ್ಳೆಯದಾಗಲಿ ಎಂದು ಬೇಡಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಅವರು ಒಪ್ಪುತ್ತಿರಲಿಲ್ಲ.

"ಬಾಯಿ ಬಿಡ್ರಿಲೇ. ದೇವರೇನು ನಿಮ್ಮ ಜೇಬಿನಾಗ ಕುಂತಾನೇನು?"

ಟಾಂಗಾ ಹೊಡೆಯುವವನ ಮಗ ಸಲಾವುದ್ದೀನ್ ತಂಡದ ಮುಂದಾಳು. ಅವನೂ ಟೋಪಿ ಸರಿಮಾಡಿಕೊಂಡು ಕೂತು, "ಯಾ ಖುದಾ, ತುಳಜಾರಾಮನ ಮೊಣಕಾಲು ಆರಾಮ ಮಾಡು. ಆದ್ರ ಭಾಳ ಆರಾಮ ಮಾಡಬ್ಯಾಡ" ಎಂದು ಬೇಡಿ ಎಲ್ಲರನ್ನೂ ನಗಿಸುತ್ತಿದ್ದ. ತುಳಜಾರಾಮ ಶಾಲೆಯ ವಸತಿಯಲ್ಲಿದ್ದ ಹಳ್ಳಿಯ ಹುಡುಗ, ಅಭ್ಯಾಸದಾಟದಲ್ಲಿ ಎದುರು ಪಾಳಿಯ ಮುಂದಾಳು. ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿಯುವಷ್ಟು ಗೆಳೆಯರು.

ನಲವತ್ತೆಂಟರ ಬೇಸಿಗೆಯಲ್ಲಿ ತುಳಜಾರಾಮನ ಹಳ್ಳಿಗೆ ನಿಜಾಮನ ಕಡೆಯ ರಜಾಕಾರರು ನುಗ್ಗಿದರು. ಅವನ ಅಪ್ಪನನ್ನು ಹೊಲದ ಬದುವಿನ ಮೇಲೆ ಹೊಡೆದು ಹಾಕಿದರು. ಹುಡುಗ ಮಣ್ಣು ಮಾಡಿ ಬಂದ, ಸಭೆಯಲ್ಲಿ ಕೂತ, ಸಲಾವುದ್ದೀನನ ಹೆಸರು ಮಾತ್ರ ಅವನ ಬಾಯಿಂದ ಬರದಾಯಿತು.

"ಅಂವ ಏನ್ ಮಾಡ್ಯಾನ ನಿನಗ?" ಎಂದರು ಮಾಸ್ತರರು.

"ಅಂವ ಏನೂ ಮಾಡಿಲ್ರಿ. ಅವನ ಟೋಪಿ ಕಂಡ್ರ ನಮ್ಮಪ್ಪ ಬಿದ್ದದ್ದು ಕಾಣಸ್ತದ."

"ಹಂಗಾದ್ರ ಕೇಳು. ಆ ಹೆಸರು ನಿನ್ನ ಬಾಯಿಂದ ಬರೂ ತನಕಾ ನೀ ಕಣಕ್ಕ ಇಳಿಯಂಗಿಲ್ಲ."

ಆಟವೆಂದರೆ ಪ್ರಾಣ ಬಿಡುವ ಹುಡುಗ ಮಳೆಗಾಲವೆಲ್ಲ ಕಣದ ಹೊರಗೆ ಕೂತ. ತಮ್ಮದು ಗಟ್ಟಿ ಔಷಧ ಎಂದು ಮಾಸ್ತರರು ನಂಬಿದ್ದರು.

ಸಪ್ಟಂಬರಿನಲ್ಲಿ ಸೊಲ್ಲಾಪುರದ ಕಡೆಯಿಂದ ಭಾರತದ ಫೌಜು ಬಂತು, ಹೆದ್ದಾರಿ ಹಿಡಿದು ಹೈದರಾಬಾದಿನ ಕಡೆ ಹೋಯಿತು. ರಜಾಕಾರರು ದಿಕ್ಕಾಪಾಲಾದರು. ಜನ ಕುಣಿದರು. ಕುಣಿದ ಕಾಲು ನಿಲ್ಲುವ ಮೊದಲೇ ಕೊಡಲಿ ಹಿಡಿದ ಗುಂಪುಗಳು ಎದ್ದವು. ರಜಾಕಾರರು ಸಿಗಲಿಲ್ಲ, ಸಿಕ್ಕವರು ಹತ್ತಿ ಹಿಂಜುವ, ಬಟ್ಟೆ ನೇಯುವ, ಟಾಂಗಾ ಹೊಡೆಯುವ ಬಡ ಮುಸಲ್ಮಾನರು. ಸಲಾವುದ್ದೀನನ ಅಪ್ಪ ಕಲ್ಯಾಣದ ದಾರಿಯಲ್ಲಿ ಹೋದವನು ಬರಲಿಲ್ಲ, ಕುದುರೆಯೊಂದೇ ಬಂತು. ತಾಯಿ ವಜೀರಬಿ ಮಗನಿಗೆ ಸೀರೆ ಸುತ್ತಿ, ಸೆರಗು ಮುಖದ ಮೇಲೆಳೆದು ಶಾಲೆಗೆ ಕರೆತಂದಳು.

"ಮಾಸ್ತರ, ಇದೊಂದು ಉಳಿದದ. ಇಟ್ಕೋರಿ."

"ಇರಲಿ, ಭಾಬಿ. ನನ್ನ ಕೊರಳು ಇರೂ ತನಕಾ ಇರ್ತಾನ."

ವಸತಿಯ ಜೋಳದ ಕೋಣೆಯಲ್ಲಿ, ಚೀಲಗಳ ಹಿಂದೆ ಅವನನ್ನು ಇಟ್ಟರು. ಯಾರಿಗೂ ಹೇಳಲಿಲ್ಲ. ಆದರೆ ಜೋಳ ತರಲು ಹೋದ ತುಳಜಾರಾಮ ಒಂದು ಬೆಳಿಗ್ಗೆ ಅವನನ್ನು ಕಂಡ. ಸಲಾವುದ್ದೀನ್ ಚೀಲದ ಬಾಯಿ ಬಿಚ್ಚಿ ಅವನ ಬುಟ್ಟಿಗೆ ಜೋಳ ಸುರಿದನಂತೆ. ತುಳಜಾರಾಮ ನೆಟ್ಟಗೆ ಮಾಸ್ತರರ ಬಳಿ ಬಂದು ನಿಂತ.

"ನೋಡೀನ್ರಿ."

"ಯಾರ ಮುಂದೂ ಉಸುರಬ್ಯಾಡ."

"ಯಾವ ಮನಷಾನ ಮುಂದೂ ಹೇಳಂಗಿಲ್ರಿ" ಎಂದ. ಆ ಮಾತಿಗೆ ಅವನು ಕಡೆಯವರೆಗೂ ತಪ್ಪಲಿಲ್ಲ.

ರವಿವಾರ ಬಂತು. ಸಭೆ ನಿಲ್ಲಿಸಿದರೆ ಊರಿಗೆ ಅನುಮಾನ ಬರುತ್ತದೆಂದು ಮಾಸ್ತರರು ಎಂದಿನಂತೆ ಹುಡುಗರನ್ನು ಕೂಡಿಸಿದರು. ಹಾಡಾಯಿತು. ಎಲ್ಲರೂ ಕಣ್ಣು ಮುಚ್ಚಿದರು. ಕಣದ ಹೊರಗೇ ಉಳಿದಿದ್ದ ತುಳಜಾರಾಮ ಅಂದು ತಾನಾಗಿಯೇ ದನಿ ಎತ್ತಿದ. ಮಾಸ್ತರರ ಎದೆ ತುಂಬಿ ಬಂತು. ಅಂಗಳದಲ್ಲಿ ಕಾಲಸಪ್ಪಳವಾದದ್ದು ಕಿವಿಗೆ ಬಿದ್ದರೂ, ಯಾರೋ ಹುಡುಗ ತಡವಾಗಿ ಬಂದನೆಂದುಕೊಂಡು ಕಣ್ಣು ತೆರೆಯಲಿಲ್ಲ.

"ಪ್ರಭೂ, ನಾ ಅವನ ಮ್ಯಾಲೆ ಸಿಟ್ಟ ಇಟ್ಟಿದ್ದೆ. ಇವತ್ತ ಬಿಟ್ಟೀನಿ. ನಮ್ಮಪ್ಪನ್ನ ಉಳಿಸಲಿಲ್ಲ ನೀ, ಹೋಗಲಿ. ಸಲಾವುದ್ದೀನನ್ನರ ಉಳಸು. ಜೋಳದ ಕ್ವಾಣ್ಯಾಗ ಒಬ್ಬನ ಕುಂತಾನ, ಅವನ ಹತ್ರ ಇರು..."

"ಆಮೆನ್!" ಎಂದು ಮಾಸ್ತರರು ಚೀರಿದರು. ಕಣ್ಣು ತೆರೆದರೆ ಬಾಗಿಲಲ್ಲಿ ಬಡಿಗೆ, ಕೊಡಲಿ ಹಿಡಿದ ಮಂದಿ. ನೀರು ಕೇಳಲು ಬಂದವರು, ಪ್ರಾರ್ಥನೆ ನಡೆದಿದೆಯೆಂದು ಮರ್ಯಾದೆಯಿಂದ ಚಪ್ಪಲಿ ಬಿಟ್ಟು ನಿಂತಿದ್ದರು.

ಮಾಸ್ತರರು ಓಡಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟರು.

"ಒಳಗ ಯಾರೂ ಇಲ್ಲ. ಬರೇ ಜೋಳ ಅದ."

ಗುಂಪಿನ ಹಿರಿಯ ನಕ್ಕ. "ನಿಮ್ಮ ಹುಡುಗ ಈಗ ದೇವರ ಮುಂದ ಹೇಳ್ಯಾನಲ್ರಿ, ಮಾಸ್ತರ. ದೇವರ ಮುಂದ ಸುಳ್ಳ ಹೇಳಾಕ ಕಲಿಸೀರೇನು?"

ಮೊದಲ ಏಟಿಗೆ ಅವರ ಭುಜ ಮುರಿಯಿತು. ಎರಡನೆಯದು ಬೀಳುವ ಮೊದಲೇ ಒಳಗಿನಿಂದ ಕೂಗು ಬಂತು: "ಮಾಸ್ತರನ್ನ ಬಿಡ್ರಿ!" ಸಲಾವುದ್ದೀನ್ ಹಿಂದಿನ ಕಿಟಕಿಯಿಂದ ಹಾರಿ ತೊಗರಿ ಹೊಲಕ್ಕೆ ಬಿದ್ದು ಓಡಿದ. ಹಿಡಿಯಲು ಬಂದವರನ್ನು ಒಬ್ಬೊಬ್ಬರಾಗಿ ತಪ್ಪಿಸಿದ. ಆದರೆ ಹೊಲದ ಆಚೆ ಬದಿಗೂ ಜನ ನಿಂತಿದ್ದರು.

ಸಂಜೆ ಹುಡುಗರೇ ಅವನನ್ನು ಹೊತ್ತು ತಂದರು, ಹುಡುಗರೇ ಕುಣಿ ತೋಡಿದರು. ತುಳಜಾರಾಮನ ಕೈಯಿಂದ ಗುದ್ದಲಿ ಬಿಡಿಸಲು ಇಬ್ಬರು ಬೇಕಾದರು.

ವಜೀರಬಿ ಅಳಲಿಲ್ಲ. ಮಾಸ್ತರರ ಕಟ್ಟಿದ ಭುಜವನ್ನು ನೋಡುತ್ತ ಒಂದೇ ಮಾತು ಕೇಳಿದಳು.

"ಯಾರ್ ಹೇಳಿದ್ರು?"

"ನಾನ ಹೇಳೀನಿ, ಭಾಬಿ."

"ಸುಳ್ಳ."

ಆಮೇಲೆ ಅವಳು ಹೊಟ್ಟೆಪಾಡಿಗೆ ಸಂತೆಯಲ್ಲಿ ಹುರಿದ ಪುಟಾಣಿ ಕಡಲೆ ಮಾರಲು ಕೂತಳು. ಮಾಸ್ತರರು ಸಂತೆಗೆ ಹೋದಾಗಲೆಲ್ಲ ಅದೇ ಕೇಳುವಳು, ಅವರೂ ಅದೇ ಹೇಳುವರು, ಅವಳು "ಸುಳ್ಳ" ಎನ್ನುವಳು. ಬೇರೆ ದಾರಿಯಿಂದ ಹೋಗಬಹುದಿತ್ತು, ಅವರು ಹೋಗಲಿಲ್ಲ. ಯುವಕರ ಸಭೆ ನಡೆಯುತ್ತಲೇ ಇತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಡಿರೆಂದು ಮಾಸ್ತರರೂ ಹೇಳುತ್ತಿರಲಿಲ್ಲ.

ಐವತ್ತನೆಯ ಇಸವಿಯಲ್ಲಿ ತುಳಜಾರಾಮ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೊರಟ. ಬಸ್ಸಿಗೆ ಬಿಡಲು ಮಾಸ್ತರರು ಜೊತೆಗೆ ನಡೆದರು. ಸಂತೆ ದಾಟುವಾಗ ವಜೀರಬಿ ಹುಡುಗನ ಕೈ ಹಿಡಿದಳು.

"ನಮ್ಮ ಸಲಾವುದ್ದೀನನ ಜೋಡಿ ಆಡಾಂವ ಅಲ್ಲೇನ ನೀ? ಎಷ್ಟ್ ಎತ್ತರ ಆಗೀದಿ ಬೇಟಾ!" ಎಂದು ಬೊಗಸೆಗೆ ಪುಟಾಣಿ ಸುರಿದಳು.

ತುಳಜಾರಾಮ ಬೊಗಸೆ ಬಿಟ್ಟ, ಕಾಳು ಚೆಲ್ಲಿದವು. "ಅಮ್ಮಾ, ಅವತ್ತ..." ಎಂದು ಬಾಯಿ ತೆರೆದ.

"ನಾನ ಹೇಳಿದ್ದು, ಭಾಬಿ. ನಾನ" ಎಂದು ಮಾಸ್ತರರು ಮಾತಿನ ಮೇಲೆ ಮಾತು ಹಾಕಿದರು. ಅವಳು ಅಂದು ಏನನ್ನೂ ಕೇಳಿಯೇ ಇರಲಿಲ್ಲ.

ವಜೀರಬಿ ಹುಡುಗನ ಮುಖ ನೋಡಿದಳು, ಮಾಸ್ತರರ ಮುಖ ನೋಡಿದಳು, ಮತ್ತೆ ಹುಡುಗನ ಮುಖ ನೋಡಿದಳು. "ಸುಳ್ಳ" ಎನ್ನಲಿಲ್ಲ. ಬಾಗಿ, ಅವನಿಗೆ ಕೊಟ್ಟು ನೆಲದ ಮೇಲೆ ಚೆಲ್ಲಿದ ಪುಟಾಣಿಯನ್ನು ಒಂದೊಂದಾಗಿ ಆರಿಸಿ ತನ್ನ ಬುಟ್ಟಿಗೆ ಹಾಕಿಕೊಂಡಳು. ಅವರಿಬ್ಬರೂ ನಿಂತೇ ಇದ್ದರು. ಅವಳು ತಲೆ ಎತ್ತಲಿಲ್ಲ.